ಒಂದೇ ಮನೆಯ ಎರಡು ಖಾತೆ

ರೂಸೆ, ಬಲ್ಗೇರಿಯಾ
ಶುಕ್ರವಾರ

ಪ್ರೀತಿಯ ಅಪ್ಪನಿಗೆ,

ಮೇಲಿನ ಮಹಡಿಯಲ್ಲೇ ಇರುವ ನಿಮಗೆ ಪತ್ರ ಬರೆಯುತ್ತಿದ್ದೇನೆ. ಎದುರು ನಿಂತು ಹೇಳಲು ಬಾಯಿ ಬರುತ್ತಿಲ್ಲ.

ಆನ್‌ಲೈನ್ ರೂಲೆಟ್ ಜೂಜಿನಲ್ಲಿ ನಾನು ಗೆದ್ದ ಹಣವನ್ನು ಕಂಪನಿಯವರು ತಡೆಹಿಡಿದಿದ್ದರಲ್ಲ, ಆಟಗಾರರ ದೂರು ವಿಚಾರಿಸುವ ಕಚೇರಿಯಿಂದ ಅದರ ತೀರ್ಪು ನಿನ್ನೆ ಬಂತು. ಒಂದು ಮನೆಗೆ ಒಂದೇ ಖಾತೆ ಎಂಬುದು ನಿಯಮ. ನಮ್ಮ ಮನೆಯಲ್ಲಿ ಎರಡಿವೆಯಂತೆ, ಹಾಗಾಗಿ ಹಣ ಸಿಗುವುದಿಲ್ಲ. ಇನ್ನೊಂದು ನಿಮ್ಮ ಹೆಸರಿನಲ್ಲಿದೆ. ಅದು ನನ್ನದಕ್ಕಿಂತ ಹಳೆಯದು, ಕಳೆದ ವಾರವೂ ಆಡಿದ್ದೀರಿ.

ಆ ಹೆಸರನ್ನು ಮತ್ತೆ ಮತ್ತೆ ಓದಿದೆ.

ನಾನು ದೂರು ಬರೆಯುವಾಗ ನೀವು ಬಾಲ್ಕನಿಯಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಾ ಕೂತಿದ್ದಿರಿ. "ಬರಿಯೋ ಓಗ್ನ್ಯಾನ್, ಈ ಮನೇಲಿ ಇನ್ಯಾರೂ ಜೂಜಾಡಲ್ಲ ಅಂತ. ಕಳ್ಳರು ಅವರು, ನಾವಲ್ಲ" ಎಂದಿರಿ. ನಿಮ್ಮ ದನಿ ಒಂದಿಷ್ಟೂ ನಡುಗಲಿಲ್ಲ. ನೀವು ಹೇಳಿದಂತೆಯೇ ಬರೆದು ಸಹಿ ಹಾಕಿದೆ.

ತೀರ್ಪು ನ್ಯಾಯವಾಗಿಯೇ ಇದೆ, ನಾನು ಮೇಲ್ಮನವಿ ಹಾಕುವುದಿಲ್ಲ. ಅಮ್ಮನಿಗೆ ತಿಳಿಸಿಲ್ಲ, ನೀವೇ ಹೇಳಿ.

ಭಾನುವಾರ ಫೋನ್ ತೆಗೆದುಕೊಂಡು ಕೆಳಗೆ ಬನ್ನಿ. ಇಬ್ಬರ ಖಾತೆಯನ್ನೂ ಒಟ್ಟಿಗೇ ಮುಚ್ಚೋಣ. ನನ್ನದನ್ನು ಮುಚ್ಚಲು ಇಂದು ಬೆಳಿಗ್ಗೆ ಕೂತೆ, ಒಬ್ಬನಿಂದ ಆಗಲಿಲ್ಲ.

ನಿಮ್ಮ ಮಗ,
ಓಗ್ನ್ಯಾನ್