ಕಲ್ಲಿನ ಮೇಲಿನ ಬಾಣ

ಪ್ರಯೋಗಾಲಯ,
ಬುಧವಾರ ಸಂಜೆ

ಏನ್ರೀ,

ಕ್ಷೇಮ ಸಮಾಚಾರ ಕೇಳುವಷ್ಟೂ ತ್ರಾಣವಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ಗಣಿಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದು ಸಾಕಾಗಿದೆ, ಭಾನುವಾರ ಮನೆಗೆ ಬಂದುಬಿಡಲೇ ಎಂದು ಕೇಳಿದ್ದೀರಿ. ಉತ್ತರ ಕೊಡುವ ಮೊದಲು ಒಂದು ಕಲ್ಲಿನ ಮಾತು ಆಡಬೇಕು.

ಕೆಳಗಿನ ಸುರಂಗದಿಂದ ನೀವು ಕಳಿಸಿದ, ಕೆಂಪು ಹರಳುಗಳಿರುವ ಗಾರ್ನೆಟ್ ಕಲ್ಲು ನೆನಪಿದೆಯಲ್ಲ? ಅದನ್ನು ಬೆಳಕು ಹಾಯುವಷ್ಟು ತೆಳ್ಳಗೆ ಸೀಳಿ, ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಿದವಳು ನಾನೇ. ಭೂಮಿಯ ಆಳದ ಬಿಸಿಯಲ್ಲಿ ಆ ಹರಳುಗಳು ಬೆಳೆಯುತ್ತಲೇ ಹೊರಳಿವೆ. ಎರಡೂ ಪಕ್ಕ ಅಭ್ರಕದ ಬಾಲ ಎಳೆದುಕೊಂಡಿವೆ. ಬಾಲ ಬಾಗಿದ ರೀತಿ ನೋಡಿದರೆ ಬಂಡೆ ಯಾವ ಕಡೆ ಜಾರಿತು, ತಾಮ್ರದ ಅದಿರನ್ನು ಯಾವ ಕಡೆ ಎಳೆದೊಯ್ದಿತು ಎಂದು ಹೇಳಬಹುದು. ಕಲ್ಲಿನ ಮೇಲೆ ನೀವು ಬರೆದ ಉತ್ತರ ದಿಕ್ಕಿನ ಬಾಣವನ್ನು ನಂಬಿ ನಾನು ಪೂರ್ವಕ್ಕೆ ಎಂದೆ. ಪೂರ್ವಕ್ಕೆ ಕೊರೆದರು. ಸಿಕ್ಕಿದ್ದು ಬರಿಗಲ್ಲು. ಸುರಂಗವನ್ನೇ ಮುಚ್ಚುವ ಮಾತು ಬಂತು. ಮುಚ್ಚಿದರೆ ನಿಮ್ಮ ತಂಡದವರೆಲ್ಲ ಬೀದಿಗೆ.

ಸುತ್ತಲಿನ ಬೇರೆ ಕಲ್ಲುಗಳನ್ನೂ ಈ ವಾರ ಕಣ್ಣು ಉರಿಯುವವರೆಗೆ ನೋಡಿದೆ. ಎಲ್ಲವೂ ಪಶ್ಚಿಮ ಅನ್ನುತ್ತವೆ, ನಿಮ್ಮದೊಂದೇ ಪೂರ್ವ. ಅಂದರೆ ನಿಮ್ಮ ಬಾಣವೇ ಉಲ್ಟಾ. ಕಲ್ಲು ಇನ್ನೂ ಗೋಡೆಯಲ್ಲಿರುವಾಗಲೇ ಬಾಣ ಬರೆಯಿರಿ ಅಂತ ಎಷ್ಟು ಸಲ ಬಡಕೊಂಡಿಲ್ಲ? ನೀವು ಮೊದಲು ಕಿತ್ತು, ಆಮೇಲೆ ಕೈಯಲ್ಲಿ ಹಿಡಿದು ಅಂದಾಜಿನ ಮೇಲೆ ಬರೆಯುತ್ತೀರಿ. ಕೇಳಿದರೆ, ಇಷ್ಟು ವರ್ಷ ಆಯ್ತು, ನಂಗೆ ದಿಕ್ಕು ಗೊತ್ತಾಗಲ್ವಾ ಅಂತ ನಗುತ್ತೀರಿ.

ನಾವು ಬೇರೆಯಾದದ್ದೂ ಇದಕ್ಕೇ. ತಪ್ಪು ಯಾರು ಮಾಡುವುದಿಲ್ಲ? ಆದರೆ ತಪ್ಪಾಯಿತು ಎಂಬ ಒಂದು ಮಾತು ನಿಮ್ಮ ಬಾಯಿಂದ ಹೊರಡುವುದಿಲ್ಲ. ಹಾಲು ಉಕ್ಕಿದರೆ ಒಲೆಯ ತಪ್ಪು, ಬಸ್ಸು ಹೋದರೆ ಗಡಿಯಾರದ ತಪ್ಪು. ಎತ್ತಿ ತೋರಿಸಿದ ನನಗೆ ಭೂತಗನ್ನಡಿ ಅಂತ ಅಡ್ಡಹೆಸರು ಬೇರೆ. ಸಾಕಾಗಿದೆ ರೀ. ಈಗ ಸಿಟ್ಟೂ ಬರುವುದಿಲ್ಲ, ಆಯಾಸ ಅಷ್ಟೇ.

ಗಣಿಯ ಮುಖ್ಯಸ್ಥರ ಕೋಣೆಗೆ ಹೋಗಿ, ಬಾಣ ಉಲ್ಟಾ ಬರೆದವನು ನಾನು ಅಂತ ಹೇಳಿ. ಹೇಳಿದ ಮೇಲೆ ಭಾನುವಾರ ಬನ್ನಿ, ಬಾಗಿಲು ತೆಗೆಯುತ್ತೇನೆ. ಹೇಳಲಾಗದಿದ್ದರೆ ಅಲ್ಲೇ ಇರಿ.

ಕಣ್ಣು ಎಳೆಯುತ್ತಿದೆ, ನಿಲ್ಲಿಸುತ್ತೇನೆ.

ನಿಮ್ಮ
ಭೂತಗನ್ನಡಿ

ತಾ.ಕ.: ಸುರಂಗದ ಚಿಂತೆ ಬಿಡಿ. ಬಾಣ ಉಲ್ಟಾ ಇದೆ, ಪಶ್ಚಿಮಕ್ಕೆ ಕೊರೆಯಬೇಕು ಎಂದು ಬೆಳಿಗ್ಗೆಯೇ ವರದಿ ಕೊಟ್ಟೆ, ಒಪ್ಪಿದ್ದಾರೆ. ಆ ತಂಡದಲ್ಲಿ ಬಾಣ ಬರೆದವರು ಯಾರು ಎಂದು ಮುಖ್ಯಸ್ಥರು ಕೇಳಿದರು. ಗೊತ್ತಿಲ್ಲ ಎಂದುಬಿಟ್ಟೆ. ಈ ಸಲವೂ ನಿಮ್ಮನ್ನು ಬಚ್ಚಿಟ್ಟವಳು ನಾನೇ. ಇನ್ನು ನೀವಾಗಿ ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ನನ್ನೊಬ್ಬಳ ಹೊರತು.