ಹಡಗಿನ ಬಿಸಿ

ಅಪ್ಪಾ,

ಓದಲು ನೀವಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ನೀವು ಕಂಡುಹಿಡಿದ ಬಿಸಿ ಪ್ರವಾಹ ಸಮುದ್ರದಲ್ಲಿ ಇಲ್ಲವೇ ಇಲ್ಲವಂತೆ. ಜಗತ್ತೆಲ್ಲ ಕಣ್ಣುಮುಚ್ಚಿಕೊಂಡು ಉಲ್ಲೇಖಿಸಿದ ನಿಮ್ಮ ಪ್ರಬಂಧವನ್ನು ಇವತ್ತು ವಿಚಾರ ಸಂಕಿರಣದಲ್ಲಿ ಒಬ್ಬ ಸಂಶೋಧಕಿ ಪರದೆಯ ಮೇಲೆ ಹಾಕಿದಳು.

"ಇದು ಸಮುದ್ರದ ಬಿಸಿ ಅಲ್ಲ, ಹಡಗಿನ ಬಿಸಿ. ಎಂಜಿನ್ ತಣಿಸಿದ ನೀರು ಹೊರಗೆ ಬೀಳೋ ಕಡೆನೇ ಥರ್ಮಾಮೀಟರ್ ಇಳಿಸಿದ್ದಾರೆ," ಅಂದಳು.

ಎಲ್ಲರೂ ನನ್ನ ಕಡೆ ತಿರುಗಿದರು. ಅಧ್ಯಕ್ಷರು ಕೆಮ್ಮಿ, "ನಿಮ್ಮ ತಂದೆಯವರ ಕೆಲಸ. ನೀವೇನಂತೀರಮ್ಮಾ?" ಎಂದರು. ತರಾಟೆಗೆ ತೆಗೆದುಕೊಳ್ಳುವವಳಂತೆ ಎದ್ದು, "ಈ ಅನುಮಾನ ನಿನಗೆಲ್ಲಿಂದ ಬಂತು?" ಎಂದೆ.

"ನಿಮ್ಮ ತಂದೆಯವರ ಪಠ್ಯಪುಸ್ತಕದಿಂದಲೇ ಮೇಡಂ. ಅಳತೆ ವಿಚಿತ್ರವಾಗಿ ಬಂದ್ರೆ ಮೊದಲು ನಿಮ್ಮ ಹಡಗನ್ನೇ ಅನುಮಾನಿಸಿ ಅಂತ ಬರೆದಿದ್ದಾರಲ್ಲ, ಅದನ್ನೇ ಮಾಡ್ದೆ."

"ಸರಿಯಾಗೇ ಮಾಡಿದ್ದೀಯ," ಎಂದು ಕೂತೆ.

ಇದೇ ಅನುಮಾನ ನನಗೂ ಬಂದು, ಥರ್ಮಾಮೀಟರ್ ಹಡಗಿನ ಯಾವ ಕಡೆ ಇಳಿಸಿದ್ದಿರಿ ಎಂದು ಊಟದ ಮೇಜಿನಲ್ಲಿ ಕೇಳಿದ ದಿನ ನೀವು ತಟ್ಟೆ ತಳ್ಳಿ ಎದ್ದು ಹೋದಿರಿ. "ಇನ್ನು ಆ ಮಾತು ಎತ್ತಬೇಡ ಕಣೇ," ಅಂದಳು ಅಮ್ಮ. ನಾನು ಎತ್ತಲಿಲ್ಲ. ಆಮೇಲೆ ಎಷ್ಟೋ ವರ್ಷ ಅದೇ ಮೇಜಿನಲ್ಲಿ ಎದುರುಬದುರು ಕೂತು ಉಂಡೆವು.

ಆಗಿನ್ನೂ ನೀವು ಮತ್ತೆ ಹಡಗು ಹತ್ತಿ ಅಳೆದು ನೋಡುವಷ್ಟು ಗಟ್ಟಿಯಾಗಿದ್ದಿರಿ, ಅಪ್ಪಾ.