ಬೇರಿಲ್ಲದ ಹಲ್ಲು

ಮುನಿಸಿಕೊಂಡು ಕೂತಿರುವ ಅಣ್ಣನಿಗೆ, ತಪ್ಪು ಮಾಡಿದ ತಂಗಿಯ ನಮಸ್ಕಾರ.

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮುಂಚೆ ಒಂದು ಸಲ ಓದಿಬಿಡು.

ಆ ದಿನ ಊಟದ ಮೇಜಿನ ಮೇಲೆ ನೀನು ಹತ್ತಿಯಲ್ಲಿ ಸುತ್ತಿದ್ದ ಡೈನೋಸಾರ್ ಹಲ್ಲನ್ನು ಬಿಡಿಸಿಟ್ಟೆ. ಐವತ್ತು ತುಂಬಿದ್ದಕ್ಕೆ ನಿನಗೆ ನೀನೇ ಕೊಂಡುಕೊಂಡ ಉಡುಗೊರೆ. ನಾನೋ, ಇಪ್ಪತ್ತು ವರ್ಷದಿಂದ ಲ್ಯಾಬಿನಲ್ಲಿ ಕೃತಕ ಹಲ್ಲಿನ ಸೆಟ್ ಮಾಡುವವಳು. ಮುಟ್ಟಿಯೂ ನೋಡದೆ, “ಅಯ್ಯೋ, ಇದು ನಮ್ಮ ಲ್ಯಾಬಿನ ಮಾಲು ಕಣೋ! ನಿಂಗೆ ಮತ್ತೆ ಟೋಪಿ ಹಾಕಿದ್ರು” ಎಂದೆ. ಎಲ್ಲರೂ ನಕ್ಕರು. ನಿನ್ನ ಮಗಳೂ ನಕ್ಕಳು. “ನೀನೇ ಇಟ್ಕೋ” ಎಂದು ನೀನು ಎದ್ದು ಹೋದೆ. ಇಂದಿಗೆ ನಲವತ್ತು ದಿನ.

ಇಟ್ಟುಕೊಂಡೆ. ನಿಜ ಹೇಳುತ್ತೇನೆ, ಮೊದಲು ಕೂತದ್ದು ನನ್ನ ಮಾತೇ ಸರಿ ಎಂದು ಸಾಧಿಸುವುದಕ್ಕೆ. ಸೂಜಿ ಕಾಯಿಸಿ ಬುಡಕ್ಕೆ ಚುಚ್ಚಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ದಿನವೂ ನನ್ನ ಮೂಗಿಗೆ ಬಡಿಯುವ ವಾಸನೆ ಅದು. ಹಿಗ್ಗಿಹೋದೆ. ಅದೇ ಸೂಜಿಯನ್ನು ತುದಿಗೆ ಒತ್ತಿದೆ. ವಾಸನೆಯೂ ಇಲ್ಲ, ಸೂಜಿ ಇಳಿಯಲೂ ಇಲ್ಲ. ಭೂತಗನ್ನಡಿ ಹಿಡಿದೆ. ಅಂಚಿನುದ್ದಕ್ಕೂ ಗರಗಸದಂಥ ಸಣ್ಣ ಕಚ್ಚುಗಳು. ಒಂದು ಕಡೆಯವು ಮಾತ್ರ ಸವೆದಿವೆ. ಎರಕ ಹೊಯ್ದ ಹಲ್ಲು ಹೀಗೆ ಸವೆಯುವುದಿಲ್ಲ. ಅಣ್ಣ, ಇದು ಏನನ್ನೋ ಕಚ್ಚಿದೆ! ಅವತ್ತು ನಾನು ಮಧ್ಯಾಹ್ನದ ಊಟವನ್ನೇ ಮರೆತೆ.

ಉಗುರುಬಣ್ಣ ಅಳಿಸುವ ದ್ರಾವಣದಲ್ಲಿ ಹತ್ತಿ ಅದ್ದಿ ಮೂರು ದಿನ ಒರೆಸಿದೆ. ಮರಳು, ಅಂಟು, ಬಣ್ಣ ಎಲ್ಲ ಕಳಚಿ, ಅಂಟಿಸಿದ್ದ ಬೇರು ಕೈಗೆ ಬಂತು. ಉಳಿದದ್ದು ಕಿರುಬೆರಳಿನಷ್ಟು. ಮ್ಯೂಸಿಯಂನಲ್ಲಿ ಪಳೆಯುಳಿಕೆ ನೋಡುವ ಮೇಡಂಗೆ ಹಲ್ಲನ್ನೂ ಅದರ ಜೊತೆ ಬಂದಿದ್ದ ಚೀಟಿಯನ್ನೂ ತೋರಿಸಿದೆ. “ಹಲ್ಲು ಅಸಲಿ. ಚೀಟಿಯಲ್ಲಿ ಬರೆದಿರೋ ದೊಡ್ಡ ಪ್ರಾಣಿದಲ್ಲ, ಮಾಂಸ ತಿನ್ನೋ ಚಿಕ್ಕದೊಂದು ಡೈನೋಸಾರ್‌ದು. ಯಾವುದು ಅಂತ ಒಂದೇ ಹಲ್ಲಲ್ಲಿ ಹೇಳಕ್ಕಾಗಲ್ಲ” ಎಂದರು. ಹಾಗಾದರೆ ಅಸಲಿ ಬೇರು ಮುರಿದದ್ದು ಹೇಗೆ ಎಂದು ಕೇಳಿದೆ. ನಕ್ಕುಬಿಟ್ಟರು. “ಮುರಿದಿಲ್ಲಮ್ಮ. ಅವಕ್ಕೆ ಬದುಕಿರೋವರೆಗೂ ಹೊಸ ಹಲ್ಲು ಬರ್ತಾನೇ ಇರ್ತಿತ್ತು. ಒಳಗಿಂದ ಹೊಸದು ಬಂದಾಗ ಹಳೇದರ ಬೇರು ಕರಗಿ, ಹಲ್ಲು ಉದುರ್ತಿತ್ತು. ಇದು ಹಾಗೆ ಉದುರಿದ್ದು.”

ಬೇರಿಲ್ಲದ್ದನ್ನು ಯಾರು ಕೊಳ್ಳುತ್ತಾರೆ ಎಂದು ಮಾರಿದವನು ಸುಳ್ಳು ಬೇರು ಅಂಟಿಸಿದ. ಅದೊಂದನ್ನೇ ಕಂಡು ನಾನು ಇಡೀ ಹಲ್ಲನ್ನೇ ಸುಳ್ಳು ಮಾಡಿದೆ. ಹಲ್ಲಿನ ಕೆಲಸದವಳಿಗೆ ಎಷ್ಟು ಜಂಬ ನೋಡು!

ಬಸ್ಸಿನಲ್ಲಿ ಬರುವಾಗ ಒಂದು ನೆನಪಾಯಿತು. ನನ್ನ ಮೊದಲ ಹಾಲುಹಲ್ಲು ಬಿದ್ದು ನಾನು ಗೋಳೋ ಎಂದು ಅಳುತ್ತಿದ್ದೆ. ನೀನು ಅದನ್ನು ಅಂಗೈಯಲ್ಲಿಟ್ಟುಕೊಂಡು, “ಅಳ್ಬೇಡ ಕಣೇ, ಹೊಸದು ಒಳಗೆ ಕಾಯ್ತಿದೆ” ಎಂದಿದ್ದೆ. ನಾನು ನಂಬಿದ್ದೆ, ಮುಟ್ಟಿಯೂ ನೋಡದೆ.

ಭಾನುವಾರ ಬಾ. ಅದೇ ಮೇಜು, ಅದೇ ಜನ. ತಪ್ಪಾಯಿತು ಎಂದು ಎಲ್ಲರೆದುರೇ ಹೇಳುತ್ತೇನೆ; ನಿನ್ನ ಮಗಳ ಎದುರು ಎರಡು ಸಲ. ಹಲ್ಲನ್ನು ಮತ್ತೆ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ, ಬಿಡಿಸುವವನು ನೀನೇ.

ನಗುನಗುತ್ತಾ ನೂರು ಕಾಲ ಬಾಳು ಅಣ್ಣ.

ಹಲ್ಲು ಕಿತ್ತ ಹಾವಿನಂತಾಗಿರುವ,
ನಿನ್ನ ತಂಗಿ